ಕುರ್ಚಿಯನ್ನು ಮೊದಲು ಮಗುಚಿ ಹಾಕಿ

ನಮ್ಮಪ್ಪನಿಗೆ ಸಾಗರದಲ್ಲಿ ಸೈಕಲ್ ಶಾಪ್ ಇತ್ತು. ಯಾರೇ ಸೈಕಲ್ ತಂದರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಸೀಟು, ಹ್ಯಾಂಡಲ್ ನೆಲಕ್ಕೆ ಊರಿ ಅದನ್ನು ತಲೆಕೆಳಗೆ ನಿಲ್ಲಿಸುವುದು. "ಮೇಲಿಂದ ನೋಡಿದ್ರೆ ಎಲ್ಲಾ ಸೈಕಲ್ಲೂ ಚೆನ್ನಾಗೇ ಕಾಣ್ತವೆ" ಅನ್ನುತ್ತಿದ್ದರು. ನಾನೀಗ ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ, ಗ್ರ್ಯಾಂಡ್ ರಾಪಿಡ್ಸ್ ಊರು. ನಮ್ಮ ಗ್ಯಾರೇಜಿನಲ್ಲಿ ಹಳೇ ಕುರ್ಚಿಗಳನ್ನು ಹಾಗೇ ಮಗುಚಿ ಹಾಕಿಕೊಂಡು ಕೂತಿರುತ್ತೇನೆ.

ಎಲ್ಲಾ ಕುರ್ಚಿ ಅಲ್ಲ. ಈಮ್ಸ್ ಶೆಲ್ ಕುರ್ಚಿ ಮಾತ್ರ. ಹೆಸರು ಗೊತ್ತಿಲ್ಲದಿದ್ದರೂ ನೀವು ಇದನ್ನು ನೋಡಿರುತ್ತೀರಿ. ಕೂರುವ ಜಾಗ, ಬೆನ್ನು, ಕೆಲವಕ್ಕೆ ಕೈ, ಎಲ್ಲಾ ಸೇರಿ ಒಂದೇ ಪ್ಲಾಸ್ಟಿಕ್ ಚಿಪ್ಪು. ಅದರ ಕೆಳಗೆ ತೆಳ್ಳಗಿನ ಕಾಲು. ಬೆಂಗಳೂರಿನ ಕೆಫೆಗಳಲ್ಲಿ ಬಿಳಿ ಚಿಪ್ಪಿಗೆ ನಾಲ್ಕು ಮರದ ಕಾಲು ಕೊಟ್ಟ ಕುರ್ಚಿ ಇರುತ್ತಲ್ಲ, ಅದು ಇದರದೇ ನಕಲು. ಅಸಲಿ ಬಂದಿದ್ದು 1950ರಲ್ಲಿ. ಮಾರಿದ್ದು ಹರ್ಮನ್ ಮಿಲ್ಲರ್ ಕಂಪನಿ. ಆ ಕಂಪನಿಯ ಊರು ಝೀಲ್ಯಾಂಡ್ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಅದಕ್ಕೋ ಏನೋ, ಇಲ್ಲಿ ವಯಸ್ಸಾದವರು ಮನೆ ಖಾಲಿ ಮಾಡಿ ಸಾಮಾನು ಮಾರುವಾಗ ನೆಲಮಾಳಿಗೆಯ ಮೂಲೆಯಲ್ಲಿ ಇಂಥದ್ದೊಂದು ಕುರ್ಚಿ ಆಗಾಗ ಸಿಗುತ್ತದೆ. ಇದುವರೆಗೆ ಒಂಬತ್ತು ರಿಪೇರಿ ಮಾಡಿದ್ದೇನೆ. ಎರಡನ್ನು ಕೆಡಿಸಿದ್ದೇನೆ. ಈ ಬರಹಕ್ಕೆ ಆ ಎರಡೇ ಜಾಸ್ತಿ ಉಪಯೋಗಕ್ಕೆ ಬಂದಿವೆ.

ಇದನ್ನು ಮಾಡಿದವರು ಚಾರ್ಲ್ಸ್ ಮತ್ತು ರೇ ಈಮ್ಸ್, ಗಂಡ ಹೆಂಡತಿ. ಇಬ್ಬರಿಗೂ ಪರಿಚಯವಾಗಿದ್ದು ನಮ್ಮ ಮಿಷಿಗನ್‌ನ ಕ್ರಾನ್‌ಬ್ರೂಕ್ ಕಲಾಶಾಲೆಯಲ್ಲಿ. 1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಹೋದರು. ಮೈಗೆ ಒಗ್ಗುವ ಹಾಗೆ ಬಾಗಿದ ಚಿಪ್ಪನ್ನು ಒಂದೇ ತುಂಡಿನಲ್ಲಿ, ಅಗ್ಗವಾಗಿ ಮಾಡಬೇಕು ಅನ್ನುವುದು ಅವರ ಹಠ. ಪ್ಲೈವುಡ್ ಆಗಲಿಲ್ಲ. ಒಂದು ಕಡೆ ಬಗ್ಗಿಸಿದರೆ ಸುಮ್ಮನಿರುವ ಪ್ಲೈವುಡ್ ಎರಡು ಕಡೆ ಬಗ್ಗಿಸಿದರೆ ಸೀಳುತ್ತದೆ. ಆಮೇಲೆ ತಗಡನ್ನು ಒತ್ತಿ ಮಾಡಿದರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1948ರಲ್ಲಿ ಕಡಿಮೆ ಬೆಲೆಯ ಪೀಠೋಪಕರಣಗಳಿಗೆ ಅಂತ ಸ್ಪರ್ಧೆ ಇಟ್ಟಾಗ ಆ ತಗಡಿನ ಕುರ್ಚಿಗೆ ಎರಡನೇ ಬಹುಮಾನವೂ ಬಂತು. ಆದರೆ ಲೆಕ್ಕ ಹಾಕಿದರೆ ಅದು ಅಗ್ಗವೇ ಅಲ್ಲ! ಕೊನೆಗೆ ಕೈಗೆ ಸಿಕ್ಕಿದ್ದು ಫೈಬರ್‌ಗ್ಲಾಸ್. ಯುದ್ಧದ ಕಾಲದಲ್ಲಿ ವಿಮಾನದ ರೇಡಾರ್‌ಗೆ ಟೊಪ್ಪಿ ಹಾಕಲು ಬಳಸುತ್ತಿದ್ದ ವಸ್ತು. ಕ್ಯಾಲಿಫೋರ್ನಿಯಾದ ಜೆನಿತ್ ಪ್ಲಾಸ್ಟಿಕ್ಸ್ ಅನ್ನುವ ಕಾರ್ಖಾನೆಗೆ ಆ ಕೆಲಸ ಗೊತ್ತಿತ್ತು. ಮೊದಲ ಚಿಪ್ಪುಗಳು ಅಲ್ಲಿಂದಲೇ ಬಂದವು.

ಕತ್ತರಿಸಿದ ಗಾಜಿನ ಎಳೆಗಳನ್ನು ಚಿಪ್ಪಿನ ಆಕಾರದ ಜಾಲರಿಯ ಮೇಲೆ ಹರಡಿ, ಬಣ್ಣ ಕಲಸಿದ ರಾಳ ಸುರಿದು, ಬಿಸಿ ಅಚ್ಚಿನಲ್ಲಿ ಒತ್ತುವುದು. ಅಷ್ಟೇ ಕೆಲಸ. ಬಣ್ಣ ಮೇಲೆ ಬಳಿದದ್ದಲ್ಲ, ಒಳಗೆಲ್ಲಾ ಇದೆ. ಇದು ನೆನಪಿರಲಿ, ಉಜ್ಜುವಾಗ ಬೇಕಾಗುತ್ತದೆ.

ಕೊಳ್ಳುವಾಗ

ಮಗುಚಿ ಹಾಕಿ. ಮಾರುವವರು ಏನಂದುಕೊಂಡರೂ ಪರವಾಗಿಲ್ಲ.

ಹಳೇ ಫೈಬರ್‌ಗ್ಲಾಸ್ ಚಿಪ್ಪಾದರೆ ಕೆಳಗೆ ನಾಲ್ಕು ರಬ್ಬರ್ ಬಿಲ್ಲೆ ಕಾಣಬೇಕು. ಪ್ರತಿ ಬಿಲ್ಲೆಯ ಒಳಗೆ ಒಂದು ಲೋಹದ ನಟ್ಟು ಹುದುಗಿರುತ್ತದೆ. ಬಿಲ್ಲೆಯನ್ನು ಚಿಪ್ಪಿಗೆ ಅಂಟಿಸಿರುತ್ತಾರೆ. ಕಾಲಿನ ಬೋಲ್ಟು ಕೆಳಗಿನಿಂದ ಬಂದು ಬಿಲ್ಲೆಯ ನಟ್ಟಿಗೆ ಕೂರುತ್ತದೆ. ಅಂದರೆ ಚಿಪ್ಪಿಗೂ ಕಾಲಿಗೂ ನೇರ ಸಂಬಂಧವೇ ಇಲ್ಲ. ನಡುವೆ ರಬ್ಬರ್. ನೀವು ಒರಗಿದಾಗ ಕುರ್ಚಿ ಒಂಚೂರು ಬಳುಕುತ್ತಲ್ಲ, ಅದರಲ್ಲಿ ಈ ರಬ್ಬರಿನ ಪಾಲು ದೊಡ್ಡದು. ನನ್ನ ಕೇಳಿದರೆ ಈ ಕುರ್ಚಿಯ ಬುದ್ಧಿಯೆಲ್ಲಾ ಈ ನಾಲ್ಕು ಬಿಲ್ಲೆಯಲ್ಲೇ ಇದೆ. ಜನ ಚಿಪ್ಪಿನ ಅಂದ ನೋಡಿ ದುಡ್ಡು ಕೊಡುತ್ತಾರೆ, ಕುರ್ಚಿ ಕೈಕೊಡುವುದು ಬಿಲ್ಲೆಯಲ್ಲಿ.

ರಬ್ಬರನ್ನು ಹೀಗೆ ಗಟ್ಟಿಯಾಗಿ ಅಂಟಿಸುವ ವಿಧಾನವನ್ನು ಈಮ್ಸ್ ದಂಪತಿ ತಾವೇ ಕಂಡುಹಿಡಿದದ್ದಲ್ಲ. ಡೆಟ್ರಾಯ್ಟ್‌ನ ಕ್ರೈಸ್ಲರ್ ಕಾರು ಕಂಪನಿಯಿಂದ ಬಂದದ್ದು. ಅದರ ಹೆಸರು 'ಸೈಕಲ್‌ವೆಲ್ಡ್'. ಸೈಕಲ್ಲಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ ಅದನ್ನು ಮೊದಲ ಸಲ ಓದಿದಾಗ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ನಮ್ಮ ಕಸುಬೇ ಬಿಡು" ಅಂದರು.

ಮುಂದೆ ಚಿಪ್ಪನ್ನು ಬೆಳಕಿಗೆ ಹಿಡಿಯಿರಿ. ಫೈಬರ್‌ಗ್ಲಾಸ್ ಆದರೆ ಎಳೆ ಕಾಣುತ್ತದೆ. ಶ್ಯಾವಿಗೆಯನ್ನು ಪಾಕದಲ್ಲಿ ಚೆಲ್ಲಿ ಹೆಪ್ಪುಗಟ್ಟಿಸಿದ ಹಾಗೆ. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಆದರೆ ಎಳೆ ಇಲ್ಲ, ಎಲ್ಲಾ ಕಡೆ ಒಂದೇ ಸಮ, ಮಂಕು ಹೊಳಪು. ಪಾಲಿಪ್ರೊಪಿಲೀನ್ ಅಂದ ಮಾತ್ರಕ್ಕೆ ನಕಲಿ ಅಲ್ಲ. ಹರ್ಮನ್ ಮಿಲ್ಲರ್‌ನವರು 1980ರ ದಶಕದ ಕೊನೆಗೆ ಫೈಬರ್‌ಗ್ಲಾಸ್ ಚಿಪ್ಪು ನಿಲ್ಲಿಸಿದರು. ಅದರ ತಯಾರಿಕೆ ಪರಿಸರಕ್ಕೆ ಒಳ್ಳೆಯದಲ್ಲ ಅನ್ನುವುದು ಕಾರಣ. 2001ರಲ್ಲಿ ಪಾಲಿಪ್ರೊಪಿಲೀನ್‌ನಲ್ಲಿ ಮತ್ತೆ ಶುರು ಮಾಡಿದರು. 2013ರಲ್ಲಿ ಬೇರೆ ವಿಧಾನದಲ್ಲಿ ಫೈಬರ್‌ಗ್ಲಾಸ್ ಕೂಡ ವಾಪಸ್ ಬಂತು. ಎರಡಕ್ಕೂ ವ್ಯತ್ಯಾಸ ಏನು ಅಂದರೆ, ಪಾಲಿಪ್ರೊಪಿಲೀನ್ ಬೆಲ್ಲದ ಹಾಗೆ, ಕರಗಿಸಿ ಮತ್ತೆ ಅಚ್ಚು ಹಾಕಬಹುದು. ಫೈಬರ್‌ಗ್ಲಾಸ್ ಸುಟ್ಟ ಮಡಕೆಯ ಹಾಗೆ, ಒಮ್ಮೆ ಗಟ್ಟಿಯಾದರೆ ಮತ್ತೆ ಮಣ್ಣಾಗುವುದಿಲ್ಲ.

ಎಳೆ ಕಂಡ ತಕ್ಷಣ ಈಮ್ಸ್ ಅಂತ ಕುಣಿಯಬೇಡಿ. ಆ ಕಾಲದಲ್ಲಿ ಬೇರೆ ಕಂಪನಿಗಳೂ ಫೈಬರ್‌ಗ್ಲಾಸ್ ಕುರ್ಚಿ ಮಾಡಿವೆ. ಅಡಿಯಲ್ಲಿ ಹರ್ಮನ್ ಮಿಲ್ಲರ್ ಗುರುತು ಅಚ್ಚಾಗಿದೆಯಾ ನೋಡಿ. ತೀರಾ ಹಳೆಯದಕ್ಕೆ ಜೆನಿತ್‌ನ ಕಾಗದದ ಚೀಟಿ ಇರುತ್ತದೆ, ಇಲ್ಲವೇ ಕಿತ್ತು ಹೋಗಿರುತ್ತದೆ. ಇನ್ನೊಂದು ಗುರುತು ಅಂಚಿನದು. ಮೊದಮೊದಲ ಚಿಪ್ಪುಗಳ ಅಂಚು ಗಟ್ಟಿಯಿರಲಿ ಅಂತ ಒಳಗೆ ಒಂದು ಹುರಿ ಇಟ್ಟು ಅಚ್ಚು ಹಾಕುತ್ತಿದ್ದರು. ಬೆರಳಾಡಿಸಿದರೆ ಲಂಗದ ಲಾಡಿಯ ಹಾಗೆ ಉಬ್ಬು ಸಿಗುತ್ತದೆ. ನನಗೆ ಅಂಥದ್ದು ಒಂದೇ ಒಂದು ಸಿಕ್ಕಿದೆ. ಬಣ್ಣ ಆನೆ ಚರ್ಮದ ಬೂದು. ಹೆಸರೂ ಅದೇ, ಆನೆ ಚರ್ಮ! ಮೊದಲು ಬಂದಿದ್ದೇ ಮೂರು ಬಣ್ಣ. ಒಂದು ಇದು, ಇನ್ನೊಂದು ಹಳೇ ಕಾಗದದ ಬಣ್ಣ, ಮತ್ತೊಂದು ಬೂದಿಗೂ ಗೋಧಿಗೂ ನಡುವಿನದು.

ನಾನು ಕೆಡಿಸಿಕೊಂಡ ಮೊದಲನೆಯದು ಇಲ್ಲೇ. ಆನ್‌ಲೈನಿನಲ್ಲಿ ಒಬ್ಬ '1950ರ ಅಸಲಿ' ಅಂತ ಹಾಕಿದ್ದ. ಫೋಟೋ ಎಲ್ಲಾ ಮೇಲಿನಿಂದ ತೆಗೆದದ್ದು. ಮನೆಗೆ ಬಂದಮೇಲೆ ಮಗುಚಿದೆ. ಎಳೆಯೂ ಇಲ್ಲ, ರಬ್ಬರೂ ಇಲ್ಲ. ಚಿಪ್ಪಿನ ಜೊತೆಗೇ ಅಚ್ಚಾದ ನಾಲ್ಕು ಪ್ಲಾಸ್ಟಿಕ್ ಗೂಟ, ಅವಕ್ಕೆ ಸ್ಕ್ರೂ. ಸಿಟ್ಟಿನಲ್ಲಿ ಜಾಸ್ತಿ ಬಿಗಿ ಮಾಡಿದೆ, ಒಂದು ಗೂಟ ಚಟ್ ಅಂತ ಮುರಿಯಿತು. ಅಡಿಯ ಫೋಟೋ ಕೊಡದವರಿಂದ ಈಗ ನಾನು ಕೊಳ್ಳುವುದಿಲ್ಲ.

ಬಿಲ್ಲೆಯ ಪಕ್ಕದಲ್ಲಿ ಬಿರುಕು ಇದೆಯಾ ನೋಡಿ. ಕೂದಲಿನಷ್ಟು ತೆಳ್ಳಗಿದ್ದರೂ ಬೆರಳಿನಲ್ಲಿ ಒತ್ತಿದಾಗ ಅದು ಬಾಯಿ ಬಿಟ್ಟರೆ ಬೇಡ. ಅಂಚಿನ ಸಣ್ಣ ಚೂರು ಹೋಗಿದ್ದರೆ ಪರವಾಗಿಲ್ಲ. ಯಾರಾದರೂ ಪುಣ್ಯಾತ್ಮರು ಬಿಲ್ಲೆ ಬಿದ್ದುಹೋಯಿತು ಅಂತ ಕೂರುವ ಜಾಗಕ್ಕೇ ತೂತು ಕೊರೆದು ಮೇಲಿಂದ ಬೋಲ್ಟ್ ಹಾಕಿರುತ್ತಾರೆ. ಅಂಥದ್ದನ್ನು ಬಿಟ್ಟು ಬನ್ನಿ.

ತೊಳೆಯುವುದು, ಉಜ್ಜುವುದು

ಕಾಲು ಬಿಚ್ಚಿ. ಪಾತ್ರೆ ಸೋಪು, ಉಗುರು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಅರ್ಧ ಕುರ್ಚಿಗಳಿಗೆ ಇಷ್ಟೇ ಸಾಕು. ಕೆಲವಕ್ಕೆ ಮೇಲೆ ಸ್ಪಂಜು, ರೆಕ್ಸಿನ್ ಹೊದಿಸಿರುತ್ತಾರೆ. ಒಳಗಿನ ಸ್ಪಂಜು ಪುಡಿಪುಡಿಯಾಗಿ ಒಣ ಹಿಟ್ಟಿನ ಹಾಗೆ ಉದುರುತ್ತಿದ್ದರೆ ಪೂರ್ತಿ ಕಿತ್ತು, ಅಂಟನ್ನು ನಿಧಾನವಾಗಿ ಕೆರೆಯಬೇಕು. ಎರಡು ಸಂಜೆ ಬೇಕು, ಹಾಡು ಹಾಕಿಕೊಳ್ಳಿ.

ಬಿಸಿಲಿಗೆ ಬಿದ್ದ ಚಿಪ್ಪಿನ ಕಥೆ ಬೇರೆ. ರಾಳ ಸವೆದು ಗಾಜಿನ ಎಳೆ ಮೇಲೆ ಎದ್ದಿರುತ್ತದೆ. ಮುಟ್ಟಿದರೆ ಕೈ ತುರಿಸುತ್ತದೆ. ಬಾಳೆಕಾಯಿ ಚಿಪ್ಸ್ ಹಾಕುವ ದಿನ ಕೈಗೆ ಎಣ್ಣೆ ಸವರಿಕೊಳ್ಳುವ ಹಾಗೆ ಇಲ್ಲೂ ಮೊದಲು ಕೈ ಕಾಪಾಡಿಕೊಳ್ಳಬೇಕು. ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ, ಮುಖಕ್ಕೆ ಸರಿಯಾದ ಫಿಲ್ಟರ್ ಮಾಸ್ಕ್. ಬಟ್ಟೆಯ ಮಾಸ್ಕ್ ಸಾಲದು. ಇದು ಗಾಜಿನ ಧೂಳು, ತಮಾಷೆಯಲ್ಲ. ಒಣ ಉಜ್ಜುವುದು ಬೇಡವೇ ಬೇಡ. ನೀರಿಗೆ ಹಾಕಬಹುದಾದ 400 ನಂಬರಿನ ಸ್ಯಾಂಡ್‌ಪೇಪರ್ ತಗೊಂಡು, ಬಕೆಟ್ಟಿನಲ್ಲಿ ಅದ್ದಿ ಅದ್ದಿ, ಭಾರ ಹಾಕದೆ ಉಜ್ಜಿ. ಆಮೇಲೆ 600, ಆಮೇಲೆ 1000. ಬಣ್ಣ ಒಳಗೆಲ್ಲಾ ಇರುವುದರಿಂದ ಸ್ವಲ್ಪ ಉಜ್ಜಿದರೆ ಬಿಳಿ ಬೀಳುವುದಿಲ್ಲ. ಆದರೆ ಉತ್ಸಾಹದಲ್ಲಿ ಜಾಸ್ತಿ ಹೋದರೆ ಹೊಸ ಎಳೆಗಳು ಹೊರಗೆ ಬರುತ್ತವೆ, ಮತ್ತೆ ಮೊದಲಿಂದ ಶುರು. ಹೊಳಪಿನ ಆಸೆಗೆ ಬೀಳಬೇಡಿ. ನುಣುಪಾದರೆ ನಿಲ್ಲಿಸಿ.

ಪೂರ್ತಿ ಒಣಗಿದ ಮೇಲೆ ಚಿಪ್ಪು ಪೆಚ್ಚಾಗಿ ಕಾಣುತ್ತದೆ. ಗಾಬರಿಯಾಗಬೇಡಿ. ಇಲ್ಲಿ ಕುರ್ಚಿ ಮಾಡುವವರು ಪೆನೆಟ್ರಾಲ್ ಅನ್ನುವ ಎಣ್ಣೆ ಬಳಸುತ್ತಾರೆ. ಪೇಂಟಿಗೆ ಬೆರೆಸುವ ಎಣ್ಣೆ ಅದು. ಹತ್ತಿಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಿರಿ. ಒದ್ದೆಯಾದ ಕಡಪಾ ಕಲ್ಲಿನ ಹಾಗೆ ಬಣ್ಣ ಎದ್ದು ಬರುತ್ತದೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ.

ಬಿಲ್ಲೆ ಅಂಟಿಸುವುದು

ಹಳೇ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ನಾಲ್ಕರಲ್ಲಿ ಒಂದು ಬಿದ್ದಿದ್ದರೆ ಉಳಿದ ಮೂರಕ್ಕೂ ಅಷ್ಟೇ ವಯಸ್ಸು. ನಾಲ್ಕನ್ನೂ ಬದಲಿಸಿ. ಹೊಸ ಬಿಲ್ಲೆಗಳು ನಾಲ್ಕರ ಕಟ್ಟಿನಲ್ಲಿ ಸಿಗುತ್ತವೆ. ಹಳೆಯ ಚಿಪ್ಪಿಗೆ ದೊಡ್ಡ ಬಿಲ್ಲೆ, ಆಮೇಲಿನದಕ್ಕೆ ಸಣ್ಣದು. ಇರುವುದರ ಅಡ್ಡಗಲ ಅಳೆದು ತರಿಸಿ.

ಬಿಗಿಯಾಗಿ ಕೂತ ಹಳೇ ಬಿಲ್ಲೆಯನ್ನು ಎಬ್ಬಿಸಲು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಅಂಚಿಗೆ ಪುಟ್ಟಿ ಬ್ಲೇಡು ತೂರಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಉಳಿ, ಸುತ್ತಿಗೆ ಬೇಡ. ತೆಗೆಯುವ ಮೊದಲು ಪ್ರತಿ ಬಿಲ್ಲೆಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಳ್ಳಿ.

ಇನ್ನು ಅಂಟು. ಇಲ್ಲಿ ನನಗೆ ಯಾವ ವಿಡಿಯೋಗಿಂತ ಅಪ್ಪನ ಪಂಕ್ಚರ್ ಪಾಠವೇ ಜಾಸ್ತಿ ಉಪಯೋಗವಾಯಿತು. ಟ್ಯೂಬಿಗೆ ಪ್ಯಾಚ್ ಹಾಕುವಾಗ ಅವರು ಮೊದಲು ಅರದಲ್ಲಿ ಉಜ್ಜುತ್ತಿದ್ದರು. ಕಪ್ಪು ಹೊಳಪು ಹೋಗಿ ಬೂದು ಬಣ್ಣ ಬರುವ ತನಕ. ಸೊಲ್ಯೂಷನ್ ಅದರ ಮೇಲೆ. ಅವಸರದಲ್ಲಿ ನಾನು ಉಜ್ಜದೆ ಹಚ್ಚಿದರೆ ತಲೆಗೆ ಮೊಟಕುತ್ತಿದ್ದರು. ನುಣುಪು ರಬ್ಬರ್ ಯಾವ ಅಂಟನ್ನೂ ಹಿಡಿಯುವುದಿಲ್ಲ. ಬಿಲ್ಲೆಯ ಮೈಯನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ಹಾಗೇ ಬೂದು ಮಾಡಿ. ಚಿಪ್ಪಿನ ಮೇಲೆ ಉಳಿದ ಹಳೇ ಅಂಟನ್ನು ಅದೇ ಪೇಪರಿನಿಂದ, ಆದರೆ ನೀರು ಹಾಕಿಕೊಂಡು, ತೆಗೆಯಿರಿ. ಒಣಗಿದ ಮೇಲೆ ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಇನ್ನು ಬೆರಳು ತಾಗಿಸಬೇಡಿ. ಎಣ್ಣೆ ಹಚ್ಚುವ ಕೆಲಸವನ್ನು ಬಿಲ್ಲೆ ಅಂಟಿಸಿ ಆದಮೇಲೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಎಣ್ಣೆ ತಾಗಿದ ಕಡೆ ಅಂಟು ನಿಲ್ಲದು.

ಅಂಟಿಗೆ ಎರಡು ಟ್ಯೂಬಿನದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಬೇಕು. ಐದು ನಿಮಿಷದ್ದು ಬೇಡ, ನಿಧಾನವಾಗಿ ಗಟ್ಟಿಯಾಗುವುದನ್ನೇ ತನ್ನಿ. ಬಿಲ್ಲೆಗಳನ್ನು ಒಂದೊಂದಾಗಿ ಚಿಪ್ಪಿಗೆ ಅಂಟಿಸಬೇಡಿ. ಒಂದು ಕೂದಲೆಳೆ ಆಚೀಚೆ ಆದರೂ ಆಮೇಲೆ ಬೋಲ್ಟು ಕೂರುವುದಿಲ್ಲ. ಮೊದಲು ನಾಲ್ಕೂ ಬಿಲ್ಲೆಯನ್ನು ಕಾಲಿಗೆ ಬೋಲ್ಟಿನಿಂದ ಸಡಿಲವಾಗಿ ಕಟ್ಟಿ. ಚಿಪ್ಪನ್ನು ಕಂಬಳಿಯ ಮೇಲೆ ಮಗುಚಿ ಮಲಗಿಸಿ. ಬಿಲ್ಲೆಗಳಿಗೆ ಎಪಾಕ್ಸಿ ಹಚ್ಚಿ, ಕಾಲಿನ ಸಮೇತ ಪೆನ್ಸಿಲ್ ಗೆರೆಯೊಳಗೆ ಇಳಿಸಿ. ಬೋಲ್ಟು ಸಡಿಲ ಇರುವುದರಿಂದ ಪ್ರತಿ ಬಿಲ್ಲೆಯೂ ಚಿಪ್ಪಿನ ಬಾಗಿಗೆ ತಾನೇ ಹೊಂದಿಕೊಂಡು ಕೂರುತ್ತದೆ. ಮೇಲೆ ಸಮನಾಗಿ ಭಾರ ಇಡಿ. ನಮ್ಮ ಮನೆಯಲ್ಲಿ ಸೋನಾ ಮಸೂರಿ ಅಕ್ಕಿ ಮೂಟೆಯ ಕೆಲಸ ಅದು. ಮರುದಿನ ಅನ್ನಕ್ಕೆ ಅಕ್ಕಿ ಬೇಕು ಅಂತ ನಮ್ಮ ಯಜಮಾನರು ಕೇಳಿದರೆ 24 ಗಂಟೆ ಆಗಲಿ ಅನ್ನುತ್ತೇನೆ.

ಚಳಿಗಾಲದಲ್ಲಿ ಈ ಕೆಲಸ ಗ್ಯಾರೇಜಿನಲ್ಲಿ ಬೇಡ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಕೆಳಗಿರುತ್ತದೆ. ಅಷ್ಟು ಚಳಿಯಲ್ಲಿ ಎಪಾಕ್ಸಿ ಅಂಟಂಟಾಗೇ ಉಳಿಯುತ್ತದೆ. ಮನೆಯೊಳಗೆ, ಕಿಟಕಿ ಸ್ವಲ್ಪ ತೆಗೆದಿಟ್ಟು ಮಾಡಿ.

ಈಗ ನಾನು ಕೆಡಿಸಿದ ಎರಡನೆಯದು. ನಿಂಬೆ ಹಳದಿ ಬಣ್ಣದ್ದು, 35 ಡಾಲರಿಗೆ ಸಿಕ್ಕಿತ್ತು. ಬಿಲ್ಲೆ ಚೆನ್ನಾಗಿ ಅಂಟಿತ್ತು. ಹಳೇ ಬೋಲ್ಟು ತುಕ್ಕು ಹಿಡಿದಿದ್ದಕ್ಕೆ ಡಬ್ಬಿಯಲ್ಲಿದ್ದ ಹೊಸದನ್ನು ಹಾಕಿದೆ. ಮರೆ (ಥ್ರೆಡ್) ಒಂದೇ, ಉದ್ದ ಮಾತ್ರ ಒಂಚೂರು ಜಾಸ್ತಿ. ಬಿಗಿ ಮಾಡುತ್ತಾ ಹೋದೆ. ಬೋಲ್ಟಿನ ತುದಿ ನಟ್ಟು ದಾಟಿ ಚಿಪ್ಪಿಗೆ ತಾಗಿತು. ಇನ್ನೊಂದು ಸುತ್ತು ತಿರುಗಿಸಿದೆ. ಅಂದರೆ ನಾನೇ ಜಾಕ್ ಹಾಕಿ ಬಿಲ್ಲೆಯನ್ನು ಚಿಪ್ಪಿನಿಂದ ಎತ್ತುತ್ತಿದ್ದೆ. ಆಗ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಊಟಕ್ಕೆ ಬಂದ ಸ್ನೇಹಿತರು ಹುಳಿ ಬಡಿಸಿಕೊಂಡು ಒರಗಿದರು. ಟಪ್! ಬಿಲ್ಲೆ ಬಿಟ್ಟಿದ್ದಲ್ಲದೆ ಅದರ ಜೊತೆ ಚಿಪ್ಪಿನ ಒಂದು ಪದರವೂ ಕಿತ್ತು ಬಂತು. ಸ್ನೇಹಿತರಿಗೆ ಏನೂ ಆಗಲಿಲ್ಲ, ಹುಳಿ ಮಾತ್ರ ಕಾರ್ಪೆಟ್ಟಿಗೆ. ಹೊಸ ಬೋಲ್ಟು ತರುವಾಗ ಹಳೆಯದನ್ನು ಅಂಗಡಿಗೆ ತಗೊಂಡು ಹೋಗಿ, ಮರೆ, ಉದ್ದ ಎರಡನ್ನೂ ಪಕ್ಕಕ್ಕಿಟ್ಟು ನೋಡಿ. ಬರಿಗೈಯಲ್ಲಿ ತಿರುಗಿಸುತ್ತಾ ಹೋಗಿ, ಕಾಲು ಬಿಲ್ಲೆಗೆ ಕೂರುವ ಮುಂಚೆಯೇ ಬೋಲ್ಟು ನಿಂತರೆ ಅದು ಉದ್ದವಾಯಿತು ಅಂತ ಅರ್ಥ.

ಯಾವ ಕಾಲು

ಈ ಕುರ್ಚಿಯ ಮಜಾ ಇದು. ಚಿಪ್ಪು ಒಂದೇ, ಕಾಲು ಹಲವು. ಕಬ್ಬಿಣದ ಕಡ್ಡಿ ಹೆಣೆದ, ಐಫೆಲ್ ಗೋಪುರ ಅಂತ ಜನ ಕರೆಯುವ ಕಾಲು. ಮರದ ಕಾಲು. ಕೆಳಗೆ ಮರದ ಬಾಗು ಪಟ್ಟಿ ಇರುವ ತೂಗುವ ಕಾಲು. 1955ರಲ್ಲಿ ಬಂದ, ಒಂದರ ಮೇಲೊಂದು ಪೇರಿಸುವ ಕಾಲು. ಕೊಳ್ಳುವ ಮೊದಲು ಚಿಪ್ಪಿನ ಬಿಲ್ಲೆಗಳ ನಡುವಿನ ದೂರ ಅಳೆದುಕೊಳ್ಳಿ. ಕೆಲವು ಅಗಲ, ಕೆಲವು ಇಕ್ಕಟ್ಟು. ಹಳೇ ಕಡ್ಡಿ ಕಾಲಿನಲ್ಲಿ ವೆಲ್ಡಿಂಗ್ ಬಿಟ್ಟಿದೆಯಾ ಅಂತ ಒಂದೊಂದು ಕೂಡುವ ಜಾಗವನ್ನೂ ಅಲ್ಲಾಡಿಸಿ ನೋಡಿ. ಮರದ ನೆಲ ಇದ್ದರೆ ಪಾದದ ಬುಷ್ ಹೊಸದು ಹಾಕಿ.

ಕೈ ಇರುವ ಚಿಪ್ಪೋ ಇಲ್ಲದ್ದೋ ಅಂತ ಕೇಳಿದರೆ, ನಿಮ್ಮ ಮನೆಗೆ ಯಾರು ಬರುತ್ತಾರೆ ನೋಡಿಕೊಳ್ಳಿ. ಅಮ್ಮ ಸಾಗರದಿಂದ ಬಂದಾಗ ನಾನು ಹೆಮ್ಮೆಯಿಂದ ಆನೆ ಚರ್ಮದ ಕೈಕುರ್ಚಿ ಮುಂದಿಟ್ಟೆ. ಕೂತರು. ಎರಡು ನಿಮಿಷಕ್ಕೆ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಲು ನೋಡಿದರು. ಎರಡೂ ಕಡೆ ಮಂಡಿ ಕೈಗೆ ತಾಗಿತು. "ಇದೇನೇ, ಬಕೀಟಲ್ಲಿ ಕೂರಿಸ್ದಂಗಿದೆ" ಅಂದರು. ಕೈ ಇಲ್ಲದ್ದು ಅವರಿಗೆ ಒಗ್ಗಿತು. ಈಮ್ಸ್ ದಂಪತಿ ಭಾರತ ಸರ್ಕಾರದ ಕರೆಯ ಮೇಲೆ ನಮ್ಮ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟಿದ್ದಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಗಿದ್ದು ಅದರ ಹಿಂದೆಯೇ. ಆ ವರದಿಯಲ್ಲಿ ಅವರು ಬಹಳ ಮೆಚ್ಚಿ ಬರೆದಿದ್ದು ನಮ್ಮ ಚೊಂಬಿನ ಬಗ್ಗೆ. ಚೊಂಬು ಅಷ್ಟು ನೋಡಿದವರು ನಾವು ಕೂರುವುದನ್ನೂ ಸ್ವಲ್ಪ ನೋಡಬಹುದಿತ್ತು ಅನ್ನುವುದು ಅಮ್ಮನ ವಾದ. ಕೈಕುರ್ಚಿ ಅಷ್ಟರಲ್ಲಾಗಲೇ ಬಂದುಬಿಟ್ಟಿತ್ತು ಅಂತ ನಾನು ಹೇಳಿದರೂ ಒಪ್ಪಲಿಲ್ಲ.

ಎಲ್ಲಾ ಜೋಡಿಸಿದ ಮೇಲೆ ತಕ್ಷಣ ಕೂರಬೇಡಿ. ಮೊದಲು ಎರಡೂ ಕೈಯಿಂದ ಕೂರುವ ಜಾಗವನ್ನು ಒತ್ತಿ, ಆಮೇಲೆ ಬೆನ್ನನ್ನು ಹಿಂದಕ್ಕೆ ಎಳೆದು ಬಿಡಿ. ಸದ್ದಿಲ್ಲದೆ ಬಳುಕಿ ವಾಪಸ್ ಬರಬೇಕು. ಕಿರ್ ಅಂದರೆ ಯಾವುದೋ ಒಂದು ಬಿಲ್ಲೆ ಪೂರ್ತಿ ಕೂತಿಲ್ಲ. ಒಂದು ತಿಂಗಳು ಬಳಸಿದ ಮೇಲೆ ಮತ್ತೆ ಮಗುಚಿ ಹಾಕಿ, ನಾಲ್ಕೂ ಬಿಲ್ಲೆಯ ಅಂಚಿಗೆ ಉಗುರು ತೂರುತ್ತದಾ ನೋಡಿ. ತೂರದಿದ್ದರೆ ಬೋಲ್ಟನ್ನು ಕಾಲುಭಾಗ ಸುತ್ತು ಬಿಗಿ ಮಾಡಿ ನೆಟ್ಟಗೆ ನಿಲ್ಲಿಸಿ.